ಉರಿ ಕಾಣದ ಒಲೆ

ಮಕ್ಕಳೇ, ಒಲೆಯ ಮೇಲೆ ಹಾಲು ಕಾಯುತ್ತಿದೆ. ನಿಮ್ಮನ್ನು ಅಲ್ಲಿ ನಿಲ್ಲಿಸಿ ಅಮ್ಮ ನೀರು ತರಲು ಹೋಗಿದ್ದಾರೆ. ಹಾಲು ಉಕ್ಕುವ ಹೊತ್ತಾಯಿತು ಎಂದು ನಿಮಗೆ ಹೇಗೆ ತಿಳಿಯುತ್ತದೆ? ಪಾತ್ರೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಮೇಲಿನ ಕೆನೆ ಮೆಲ್ಲನೆ ಉಬ್ಬುತ್ತದೆ. ಕೂಡಲೇ ನೀವು ಉರಿ ತಗ್ಗಿಸುತ್ತೀರಿ. ಕುಕ್ಕರ್ ಆದರೆ ಕೂಗುತ್ತದೆ. ರೊಟ್ಟಿ ಸೀದರೆ ವಾಸನೆ ಬರುತ್ತದೆ. ಸೌದೆ ಒಲೆಯ ಹತ್ತಿರ ಹೋದರೆ ಮುಖಕ್ಕೆ ಝಳ ಬಡಿಯುತ್ತದೆ. ಹೀಗೆ ಬೆಂಕಿಯು ತಾನು ಇದ್ದೇನೆ ಎಂಬುದನ್ನು ನಮ್ಮ ಕಣ್ಣು, ಕಿವಿ, ಮೂಗು, ಚರ್ಮಗಳಿಗೆ ಹೇಳುತ್ತಲೇ ಇರುತ್ತದೆ.

ಈಗ ಇನ್ನೊಂದು ಒಲೆಯನ್ನು ನೋಡೋಣ. ಇದು ಸಣ್ಣ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲಿದೆ. ಒಳಗೆ ಉರಿಯಿಲ್ಲ, ಹೊಗೆಯಿಲ್ಲ, ಕೆಂಪಗೆ ಕಾದ ತಂತಿಯೂ ಇಲ್ಲ. ಹಾಲಿನ ಲೋಟವನ್ನು ಒಳಗಿಟ್ಟು ಬಾಗಿಲು ಮುಚ್ಚಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಒಳಗಿನ ಗಾಜಿನ ತಟ್ಟೆ ನಿಧಾನವಾಗಿ ತಿರುಗುತ್ತದೆ. ಒಂದು ನಿಮಿಷ ಕಳೆಯುವುದರೊಳಗೆ ಹಾಲು ಬಿಸಿಯಾಗಿರುತ್ತದೆ! ಇದೇ ಮೈಕ್ರೊವೇವ್ ಓವನ್.

ಇದು ನಿಮ್ಮ ಮನೆಯಲ್ಲಿ ಇಲ್ಲದಿರಬಹುದು. ಆದರೆ ಬೇಕರಿಯವರು ಪಫ್ಸ್ ಬಿಸಿ ಮಾಡಿಕೊಡುವುದನ್ನು ನೋಡಿರಬಹುದು. ರಜೆಯಲ್ಲಿ ಪೇಟೆಯ ಚಿಕ್ಕಮ್ಮನ ಮನೆಗೆ ಹೋದಾಗ ಕಂಡಿರಬಹುದು. ನಿಮ್ಮಲ್ಲಿ ಕೆಲವರ ಅಮ್ಮ ಅಥವಾ ಅಕ್ಕ ಪೇಟೆಯ ಮನೆಗಳಲ್ಲಿ ಅಡುಗೆ ಕೆಲಸ ಮಾಡುತ್ತಿರಬಹುದು. ಅಲ್ಲಿ ಅವರ ಕೈಗೆ ಈ ಪೆಟ್ಟಿಗೆ ಸಿಗುತ್ತದೆ. ಅದರ ಜೊತೆಯಲ್ಲಿ ಬಂದ ಸೂಚನೆಯ ಪುಸ್ತಕ ಮಾತ್ರ ಸಿಗುವುದಿಲ್ಲ. ಸಿಕ್ಕರೂ ಅದು ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಈ ಪಾಠವನ್ನು ನೀವು ಓದಿ. ಆಮೇಲೆ ಮನೆಯಲ್ಲಿ ದೊಡ್ಡವರಿಗೂ ಓದಿ ಹೇಳಿ.

ಕಾಣದ ಅಲೆಗಳು

ಕೆರೆಗೆ ಕಲ್ಲು ಎಸೆದರೆ ನೀರಿನಲ್ಲಿ ಅಲೆಗಳು ಏಳುತ್ತವೆ. ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಇರುವ ದೂರವನ್ನು ತರಂಗದೂರ ಎನ್ನುತ್ತಾರೆ. ಬೆಳಕು ಕೂಡ ಒಂದು ಬಗೆಯ ಅಲೆ. ಅದು ವಿದ್ಯುತ್ಕಾಂತೀಯ ಅಲೆ. ಇಂತಹ ಅಲೆಗಳ ಕುಟುಂಬ ಬಹಳ ದೊಡ್ಡದು. ರೇಡಿಯೊ ಅಲೆಗಳು, ಮೈಕ್ರೊವೇವ್ ಅಲೆಗಳು, ಅವಕೆಂಪು ಕಿರಣಗಳು, ನಮಗೆ ಕಾಣುವ ಬೆಳಕು, ನೇರಳಾತೀತ ಕಿರಣಗಳು, ಕ್ಷ-ಕಿರಣಗಳು - ಇವೆಲ್ಲ ಒಂದೇ ಕುಟುಂಬದ ಅಣ್ಣತಮ್ಮಂದಿರು. ಎಲ್ಲವೂ ಒಂದೇ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ವ್ಯತ್ಯಾಸ ಇರುವುದು ತರಂಗದೂರದಲ್ಲಿ ಮಾತ್ರ.

ಮೈಕ್ರೊವೇವ್ ಎಂದರೆ ಕಿರಿದಾದ ಅಲೆ ಎಂದರ್ಥ. ರೇಡಿಯೊ ಅಲೆಗಳಿಗೆ ಹೋಲಿಸಿದರೆ ಇವು ಕಿರಿದು. ಬೆಳಕಿಗೆ ಹೋಲಿಸಿದರೆ ತುಂಬಾ ಉದ್ದ. ಓವನ್ನಿನ ಅಲೆಯು ಒಂದು ಸೆಕೆಂಡಿಗೆ 245 ಕೋಟಿ ಬಾರಿ ಕಂಪಿಸುತ್ತದೆ. ಹಾಗಾದರೆ ಅದರ ತರಂಗದೂರ ಎಷ್ಟು? ನೀವೇ ಲೆಕ್ಕ ಹಾಕಿ. ಅಲೆ ಒಂದು ಸೆಕೆಂಡಿನಲ್ಲಿ ಓಡುವ ದೂರ 3 ಲಕ್ಷ ಕಿಲೋಮೀಟರ್, ಅಂದರೆ 3000 ಕೋಟಿ ಸೆಂಟಿಮೀಟರ್. ಇದನ್ನು 245 ಕೋಟಿಯಿಂದ ಭಾಗಿಸಿ. ಸುಮಾರು 12 ಸೆಂಟಿಮೀಟರ್ ಬರುತ್ತದೆ. ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಅಳತೆಪಟ್ಟಿಗಿಂತ ಕೊಂಚ ಚಿಕ್ಕದು! ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಿರಿದಾದ ಅಲೆಗಳ ಅಧ್ಯಯನದಲ್ಲಿ ನಮ್ಮ ದೇಶದ ವಿಜ್ಞಾನಿಯೊಬ್ಬರು ಬಹಳ ಹಿಂದೆಯೇ ಕೆಲಸ ಮಾಡಿದ್ದರು. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶ ಚಂದ್ರ ಬೋಸರು ಕೆಲವೇ ಮಿಲಿಮೀಟರ್ ತರಂಗದೂರದ ಅಲೆಗಳನ್ನು ಉಂಟುಮಾಡಿದರು. ಆ ಅಲೆಗಳಿಂದ ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ಜನರನ್ನು ಬೆರಗುಗೊಳಿಸಿದರು.

ಜೇಬಿನಲ್ಲಿ ಕರಗಿದ ಮಿಠಾಯಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರು ವಿಮಾನಗಳನ್ನು ಪತ್ತೆ ಹಚ್ಚಲು ರೇಡಾರ್ ಬಳಕೆಗೆ ಬಂತು. ಅದಕ್ಕೆ ಬಲವಾದ ಮೈಕ್ರೊವೇವ್ ಅಲೆಗಳು ಬೇಕಿದ್ದವು. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬುವರು ಅಂತಹ ಅಲೆಗಳನ್ನು ಹುಟ್ಟಿಸುವ ಒಂದು ಹೊಸ ಬಗೆಯ ಮ್ಯಾಗ್ನೆಟ್ರಾನ್ ತಯಾರಿಸಿದರು.

ಅಮೆರಿಕದ ರೇಥಿಯಾನ್ ಎಂಬ ಕಂಪನಿಯಲ್ಲಿ ಪರ್ಸಿ ಸ್ಪೆನ್ಸರ್ ಎಂಬ ತಂತ್ರಜ್ಞ ಮ್ಯಾಗ್ನೆಟ್ರಾನ್‌ಗಳ ಕೆಲಸ ಮಾಡುತ್ತಿದ್ದ. ಅವನು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಗಿರಣಿ ಕೆಲಸಕ್ಕೆ ಸೇರಿದ್ದವನು. ವಿಜ್ಞಾನವನ್ನು ತಾನೇ ಓದಿ ಕಲಿತಿದ್ದ. 1945ರಲ್ಲಿ ಒಮ್ಮೆ ಅವನು ಚಾಲೂ ಇದ್ದ ಮ್ಯಾಗ್ನೆಟ್ರಾನ್ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿಹೋಯಿತು. ಬೇರೆಯವರಾಗಿದ್ದರೆ ಅಂಗಿ ಒರೆಸಿಕೊಂಡು ಸುಮ್ಮನಾಗುತ್ತಿದ್ದರೋ ಏನೋ. ಸ್ಪೆನ್ಸರ್ 'ಏಕೆ ಹೀಗಾಯಿತು?' ಎಂದು ಕೇಳಿದ. ಮೆಕ್ಕೆಜೋಳದ ಕಾಳುಗಳನ್ನು ತರಿಸಿ ಮ್ಯಾಗ್ನೆಟ್ರಾನ್ ಎದುರು ಇಟ್ಟ. ಅವು ಚಟಪಟನೆ ಅರಳಿದವು! ಮುಂದೆ ಒಂದು ಮೊಟ್ಟೆಯನ್ನು ಇಟ್ಟನಂತೆ. ಅದು ಸಿಡಿದು, ಬಗ್ಗಿ ನೋಡುತ್ತಿದ್ದ ಜೊತೆಗಾರನ ಮುಖಕ್ಕೆ ಎರಚಿತಂತೆ. ನೋಡಿ, ಓವನ್ ಹುಟ್ಟುವ ಮೊದಲೇ ಅದರ ಮೊದಲ ಸುರಕ್ಷತಾ ಪಾಠ ಸಿಕ್ಕಿತ್ತು!

ಮಾರಾಟಕ್ಕೆ ಬಂದ ಮೊದಮೊದಲ ಓವನ್ ಆಳೆತ್ತರದ ಬೀರುವಿನಂತಿತ್ತು. ತೂಕ 300 ಕಿಲೋಗ್ರಾಂಗೂ ಹೆಚ್ಚು. ಮನೆಯ ಕಟ್ಟೆಯ ಮೇಲೆ ಇಡಬಹುದಾದ ಓವನ್ ಅಮೆರಿಕದ ಮಾರುಕಟ್ಟೆಗೆ ಬಂದು ಜನಪ್ರಿಯವಾದದ್ದು 1967ರಿಂದ ಈಚೆಗೆ.

ಪೆಟ್ಟಿಗೆಯೊಳಗೆ ನಡೆಯುವುದೇನು?

ನಿಮ್ಮ ಎರಡೂ ಅಂಗೈಗಳನ್ನು ಒತ್ತಿ ಬೇಗಬೇಗ ಉಜ್ಜಿ. ಬಿಸಿಯಾಯಿತಲ್ಲವೆ? ಬೆಂಕಿ ಇಲ್ಲದೆ ಬಿಸಿ ಹುಟ್ಟಿತು. ಓವನ್ನಿನಲ್ಲೂ ಹೆಚ್ಚು ಕಡಿಮೆ ಇಂತಹದೇ ಕೆಲಸ ನಡೆಯುತ್ತದೆ.

ನಮ್ಮ ಆಹಾರದಲ್ಲೆಲ್ಲ ನೀರಿದೆ. ಅನ್ನದಲ್ಲಿ, ಹಾಲಿನಲ್ಲಿ, ಆಲೂಗಡ್ಡೆಯಲ್ಲಿ - ಎಲ್ಲೆಲ್ಲೂ ನೀರಿನ ಅಣುಗಳಿವೆ. ನೀರಿನ ಅಣುವಿನ ಒಂದು ಕಡೆ ಸ್ವಲ್ಪ ಧನ ವಿದ್ಯುದಂಶ, ಇನ್ನೊಂದು ಕಡೆ ಸ್ವಲ್ಪ ಋಣ ವಿದ್ಯುದಂಶ ಇರುತ್ತದೆ. ಮೈಕ್ರೊವೇವ್ ಅಲೆ ಬಂದಾಗ ಅಣುಗಳು ಅಲೆಯ ದಿಕ್ಕಿಗೆ ತಿರುಗಲು ಯತ್ನಿಸುತ್ತವೆ. ಆದರೆ ಅಲೆಯ ದಿಕ್ಕು ಸೆಕೆಂಡಿಗೆ ಕೋಟಿ ಕೋಟಿ ಸಲ ಹಿಂದುಮುಂದಾಗುತ್ತಿರುತ್ತದೆ. ಅಣುಗಳು ಅತ್ತ ತಿರುಗುವಷ್ಟರಲ್ಲಿ ಇತ್ತ ತಿರುಗಬೇಕು. ಈ ಗಡಿಬಿಡಿಯಲ್ಲಿ ಪಕ್ಕದ ಅಣುಗಳಿಗೆ ಢಿಕ್ಕಿ ಹೊಡೆಯುತ್ತವೆ. ಜಾತ್ರೆಯ ನೂಕುನುಗ್ಗಲಿನಂತೆ! ಅಣುಗಳ ಈ ಓಲಾಟವೇ ಉಷ್ಣ. ಆಹಾರ ಬಿಸಿಯಾಗುತ್ತದೆ.

ಎಲ್ಲ ವಸ್ತುಗಳೂ ಈ ಅಲೆಗಳ ಜೊತೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ನೀರು, ಎಣ್ಣೆ, ಸಕ್ಕರೆ ಇರುವ ಆಹಾರ ಅಲೆಗಳನ್ನು ಹೀರಿ ಬಿಸಿಯಾಗುತ್ತದೆ. ಗಾಜು, ಪಿಂಗಾಣಿ ಅಲೆಗಳನ್ನು ದಾಟಿಸಿ ಬಿಡುತ್ತವೆ. ಅವು ಬಿಸಿಯಾಗುವುದು ಒಳಗಿನ ಆಹಾರದ ಬಿಸಿ ತಾಗಿ. ಲೋಹಗಳು ಅಲೆಗಳನ್ನು ಕನ್ನಡಿಯಂತೆ ಹಿಮ್ಮರಳಿಸುತ್ತವೆ. ಅದಕ್ಕೇ ಓವನ್ನಿನ ಒಳಗೋಡೆಗಳನ್ನು ಲೋಹದಿಂದ ಮಾಡಿರುತ್ತಾರೆ. ಅಲೆಗಳು ಗೋಡೆಯಿಂದ ಗೋಡೆಗೆ ಪುಟಿದು ಆಹಾರಕ್ಕೇ ಬಂದು ಸೇರುತ್ತವೆ.

ಮೈಕ್ರೊವೇವ್ ಆಹಾರವನ್ನು ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಇದು ಸರಿಯಲ್ಲ. ಅಲೆಗಳು ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಆಳಕ್ಕೆ ಹೋಗುತ್ತವೆ. ದೊಡ್ಡ ತುಂಡಾದರೆ ಅದರ ನಡುಭಾಗಕ್ಕೆ ಬಿಸಿ ಹೋಗಬೇಕಾದ್ದು ಉಷ್ಣವಹನದಿಂದ, ನಿಧಾನವಾಗಿ. ಪುಟಿದ ಅಲೆಗಳು ಒಂದಕ್ಕೊಂದು ಸೇರಿದಾಗ ಕೆಲವು ಕಡೆ ಬಲವಾಗುತ್ತವೆ, ಕೆಲವು ಕಡೆ ಕ್ಷೀಣಿಸುತ್ತವೆ. ಹಾಗಾಗಿ ಒಳಗೆ ಅಲ್ಲಲ್ಲಿ ಹೆಚ್ಚು ಬಿಸಿಯ ಜಾಗಗಳು, ಅಲ್ಲಲ್ಲಿ ತಣ್ಣನೆಯ ಜಾಗಗಳು ಉಂಟಾಗುತ್ತವೆ. ಗಾಜಿನ ತಟ್ಟೆ ತಿರುಗುವುದು ಏಕೆ ಎಂದು ಈಗ ತಿಳಿಯಿತಲ್ಲವೆ? ಆಹಾರದ ಎಲ್ಲ ಭಾಗವೂ ಬಿಸಿಯ ಜಾಗಕ್ಕೆ ಬಂದು ಹೋಗಲಿ ಎಂದು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಬ್ಯಾಟರಿಯಿಂದ ನಡೆಯುವ ಒಂದು ಚಿಕ್ಕ ರೇಡಿಯೊ, ಅದು ಹಿಡಿಸುವಂತಹ ರಟ್ಟಿನ ಪೆಟ್ಟಿಗೆ, ಬಿಗಿಯಾದ ಮುಚ್ಚಳವಿರುವ ಸ್ಟೀಲ್ ಡಬ್ಬಿ.

ವಿಧಾನ: ರೇಡಿಯೊದಲ್ಲಿ ಒಂದು ಕೇಂದ್ರವನ್ನು ಹಚ್ಚಿ ಜೋರಾಗಿ ಇಡಿ. ಮೊದಲು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ ಕೇಳಿ. ಆಮೇಲೆ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದು ಕೇಳಿ. ಮುಚ್ಚಿದಾಗ ಸದ್ದು ಕುಗ್ಗುವುದು ಸಹಜ. ಗಮನಿಸಬೇಕಾದ್ದು ಅದನ್ನಲ್ಲ. ಹಾಡು, ಮಾತು ಕೇಳುತ್ತಿದೆಯೇ ಅಥವಾ ಬರೀ ಗೊರಗೊರ ಸದ್ದು ಬರುತ್ತಿದೆಯೇ ಎಂದು ನೋಡಿ.

ರಟ್ಟಿನೊಳಗೆ ಮಾತು ಕೇಳುತ್ತದೆ. ಲೋಹದ ಡಬ್ಬಿಯೊಳಗೆ ಕೇಂದ್ರ ತಪ್ಪಿಹೋಗುತ್ತದೆ. ರೇಡಿಯೊ ಅಲೆಗಳು ರಟ್ಟನ್ನು ದಾಟಿದವು, ಲೋಹವನ್ನು ದಾಟಲಿಲ್ಲ. ಹೊರಗಿನ ಅಲೆ ಡಬ್ಬಿಯೊಳಗೆ ಬರದಂತೆಯೇ, ಓವನ್ನಿನ ಒಳಗಿನ ಅಲೆ ಹೊರಗೆ ಹೋಗುವುದಿಲ್ಲ.

ಎಚ್ಚರಿಕೆ: ರೇಡಿಯೊ, ಮೊಬೈಲ್ ಫೋನ್ ಅಥವಾ ಬ್ಯಾಟರಿಯನ್ನು ಎಂದಿಗೂ ಓವನ್ನಿನೊಳಗೆ ಇಟ್ಟು ಪರೀಕ್ಷಿಸಬೇಡಿ.

ಅಲೆಗೆ ಹೆದರಬೇಕೆ?

'ಓವನ್ನಿನ ಊಟದಲ್ಲಿ ವಿಕಿರಣ ಸೇರಿಕೊಳ್ಳುತ್ತದೆ' ಎಂದು ಹೇಳುವವರಿದ್ದಾರೆ. ಇದು ನಿಜವೆ?

ವಿಕಿರಣಗಳಲ್ಲಿ ಎರಡು ಬಗೆ. ಕ್ಷ-ಕಿರಣದಂತಹವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುವಷ್ಟು ಬಲವುಳ್ಳವು. ಮೈಕ್ರೊವೇವ್‌ಗೆ ಆ ಶಕ್ತಿಯಿಲ್ಲ. ಅದು ಅಣುಗಳನ್ನು ಓಲಾಡಿಸಿ ಬಿಸಿ ಮಾಡುತ್ತದೆ, ಅಷ್ಟೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೆ? ಇಲ್ಲ. ಹಾಗೆಯೇ ಓವನ್ ನಿಂತ ಕೂಡಲೇ ಅಲೆಗಳೂ ಇಲ್ಲವಾಗುತ್ತವೆ. ಆಹಾರದಲ್ಲಿ ಉಳಿಯುವುದು ಬಿಸಿ ಮಾತ್ರ.

ಆದರೆ ಅಲೆಗಳು ಹೊರಗೆ ಬಂದರೆ? ನಮ್ಮ ದೇಹದಲ್ಲೂ ನೀರಿದೆ. ಬಲವಾದ ಮೈಕ್ರೊವೇವ್ ತಾಗಿದರೆ ಮೈಯೂ ಬಿಸಿಯಾಗುತ್ತದೆ. ಅದರಲ್ಲೂ ಕಣ್ಣಿನ ಮಸೂರಕ್ಕೆ ರಕ್ತನಾಳಗಳಿಲ್ಲ; ಬಿಸಿಯನ್ನು ಸಾಗಿಸಿ ತಂಪು ಮಾಡುವ ಏರ್ಪಾಡು ಅಲ್ಲಿಲ್ಲ. ಆದ್ದರಿಂದ ಅಲೆಗಳನ್ನು ಒಳಗೇ ಕೂಡಿಹಾಕಬೇಕು. ಬಾಗಿಲಿನ ಗಾಜನ್ನು ಹತ್ತಿರದಿಂದ ನೋಡಿದರೆ ಅದರೊಳಗೆ ಸಣ್ಣ ಸಣ್ಣ ತೂತುಗಳ ಲೋಹದ ಜಾಲರಿ ಕಾಣುತ್ತದೆ. ತೂತಿನ ಅಗಲ ಒಂದೆರಡು ಮಿಲಿಮೀಟರ್. ಅಲೆಯ ತರಂಗದೂರ 12 ಸೆಂಟಿಮೀಟರ್. ಇಷ್ಟು ದೊಡ್ಡ ಅಲೆ ಅಷ್ಟು ಚಿಕ್ಕ ತೂತಿನಲ್ಲಿ ನುಸುಳಲಾರದು. ಬೆಳಕಿನ ತರಂಗದೂರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅದು ಸುಲಭವಾಗಿ ನುಸುಳುತ್ತದೆ. ಆದ್ದರಿಂದಲೇ ನಮಗೆ ಒಳಗಿನ ತಟ್ಟೆ ಕಾಣುತ್ತದೆ, ಅಲೆ ಮಾತ್ರ ಹೊರಗೆ ಬರುವುದಿಲ್ಲ.

ಬಾಗಿಲು ತೆರೆದ ಕ್ಷಣದಲ್ಲಿ ಮ್ಯಾಗ್ನೆಟ್ರಾನ್ ನಿಲ್ಲುವಂತೆ ಬಾಗಿಲಿನಲ್ಲೇ ಸ್ವಿಚ್ಚುಗಳಿರುತ್ತವೆ. ಹಾಗಾದರೆ ನಾವು ಗಮನಿಸಬೇಕಾದ್ದು ಇಷ್ಟು: ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಜಾಲರಿ ಹರಿದಿದ್ದರೆ ಅಥವಾ ಬಾಗಿಲು ಸರಿಯಾಗಿ ಕೂರದಿದ್ದರೆ ಆ ಓವನ್ ಬಳಸಬಾರದು. ಬಾಗಿಲಿನ ಅಂಚಿನಲ್ಲಿ ಜಿಡ್ಡು, ಅನ್ನದ ಅಗುಳು ಅಂಟಿರದಂತೆ ಒರೆಸಬೇಕು. ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಮುಚ್ಚಬಾರದು.

ನಿಜವಾದ ಅಪಾಯ ಎಲ್ಲಿದೆ?

ಸರಿಯಾಗಿರುವ ಓವನ್ನಿನಿಂದ ಜನರಿಗೆ ತೊಂದರೆಯಾಗುವುದು ಹೆಚ್ಚಾಗಿ ಅಲೆಯಿಂದ ಅಲ್ಲ, ಬಿಸಿಯಿಂದ. ಒಲೆಯ ಬಿಸಿ ಕಾಣುತ್ತದೆ, ಇಲ್ಲಿಯದು ಅಡಗಿರುತ್ತದೆ. ಅದು ಎಲ್ಲೆಲ್ಲಿ ಅಡಗಿರುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

1. ಹಾಲಿನೊಳಗೆ. ರಾಗಿ ಮುದ್ದೆಯನ್ನು ನೆನಪಿಸಿಕೊಳ್ಳಿ. ಮೇಲೆ ಮುಟ್ಟಿದರೆ ಆರಿದಂತೆ ಇರುತ್ತದೆ. ಮುರಿದರೆ ಒಳಗೆ ಸುಡುಸುಡು! ಓವನ್ನಿನಲ್ಲಿಟ್ಟ ಮಗುವಿನ ಹಾಲಿನ ಬಾಟಲಿಯೂ ಹೀಗೆಯೇ. ಹೊರಗಿನಿಂದ ಬಾಟಲಿ ಬೆಚ್ಚಗಿರುತ್ತದೆ, ಒಳಗೆ ಒಂದು ಕಡೆ ಹಾಲು ಬಾಯಿ ಸುಡುವಷ್ಟು ಬಿಸಿಯಾಗಿರುತ್ತದೆ. ಮಗುವಿಗೆ ಹೇಳಲು ಬಾರದು. ಆದ್ದರಿಂದ ಹಸುಳೆಯ ಹಾಲನ್ನು ಓವನ್ನಿನಲ್ಲಿ ಇಡಲೇಬಾರದು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ ಕೊಡುವುದೇ ಸರಿ. ದೊಡ್ಡವರ ಊಟವಾದರೂ ನಡುವೆ ಒಮ್ಮೆ ಹೊರತೆಗೆದು ಕಲಕಬೇಕು. ಆಮೇಲೆ ಒಂದೆರಡು ನಿಮಿಷ ಹಾಗೇ ಬಿಡಬೇಕು. ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ಉಷ್ಣ ಹರಿದು ಸಮವಾಗುತ್ತದೆ.

2. ಸುಮ್ಮನಿರುವ ನೀರಿನೊಳಗೆ. ಇದು ಎಲ್ಲಕ್ಕಿಂತ ಮೋಸದ ಬಿಸಿ. ಒಲೆಯ ಮೇಲೆ ನೀರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಕುದಿಯುತ್ತದೆ. ಪಾತ್ರೆಯ ತಳದ ಒರಟು ಜಾಗಗಳಲ್ಲಿ ಗುಳ್ಳೆಗಳು ಹುಟ್ಟುತ್ತವೆ. ನುಣುಪಾದ ಗಾಜಿನ ಲೋಟದಲ್ಲಿ ನೀರಿಟ್ಟು ಓವನ್ನಿನಲ್ಲಿ ಹೆಚ್ಚು ಹೊತ್ತು ಕಾಯಿಸಿದರೆ ಗುಳ್ಳೆ ಹುಟ್ಟಲು ನೆಲೆ ಸಿಗುವುದಿಲ್ಲ. ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಇದಕ್ಕೆ ಅತಿತಾಪನ ಎನ್ನುತ್ತಾರೆ. ಅಂತಹ ನೀರಿಗೆ ಕಾಫಿಪುಡಿ ಹಾಕಿದರೆ, ಚಮಚ ಅದ್ದಿದರೆ ಅಥವಾ ಲೋಟ ಅಲುಗಿದರೆ ಸಾಕು, ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಉಪಾಯವೇನು? ಬೇಕಾದಷ್ಟೇ ಹೊತ್ತು ಕಾಯಿಸಬೇಕು. ಲೋಟದೊಳಗೆ ಮರದ ಒಂದು ಕಡ್ಡಿಯನ್ನು ಇಡಬಹುದು; ಅದರ ಒರಟು ಮೈ ಗುಳ್ಳೆಗೆ ನೆಲೆ ಕೊಡುತ್ತದೆ. ಓವನ್ ನಿಂತ ಮೇಲೆ ಅರ್ಧ ನಿಮಿಷವಾದರೂ ಕಾದು, ಮುಖ ದೂರವಿಟ್ಟು ತೆಗೆಯಬೇಕು.

3. ಮುಚ್ಚಿದ ಜಾಗದೊಳಗೆ. ನೀರು ಹಬೆಯಾದಾಗ ಅದರ ಗಾತ್ರ ಸಾವಿರ ಪಟ್ಟಿಗೂ ಹೆಚ್ಚಾಗುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಸಿಡಿಯುತ್ತದೆ. ಸ್ಪೆನ್ಸರನ ಮೊಟ್ಟೆ ನೆನಪಿದೆಯಲ್ಲ? ಸಿಪ್ಪೆ ಇರುವ ಮೊಟ್ಟೆಯನ್ನು ಎಂದೂ ಇಡಬಾರದು. ಸುಲಿದ ಬೆಂದ ಮೊಟ್ಟೆಯೂ ಇಡಿಯಾಗಿದ್ದರೆ ಸಿಡಿಯಬಹುದು, ಕೆಲವೊಮ್ಮೆ ಕಚ್ಚಿದಾಗ ಬಾಯಲ್ಲೇ ಸಿಡಿಯುತ್ತದೆ. ಆಲೂಗಡ್ಡೆ, ಬದನೆಕಾಯಿ, ಟೊಮೆಟೊಗಳ ಸಿಪ್ಪೆಗೆ ಮುಳ್ಳುಚಮಚದಿಂದ ನಾಲ್ಕಾರು ಕಡೆ ಚುಚ್ಚಬೇಕು. ಡಬ್ಬಿಯ ಮುಚ್ಚಳವನ್ನು ಬಿಗಿದು ಇಡಬಾರದು, ಸಡಿಲವಾಗಿ ಮುಚ್ಚಬೇಕು. ತೆಗೆಯುವಾಗ ಮುಚ್ಚಳದ ಆಚೆ ಬದಿಯನ್ನು ಮೊದಲು ಎತ್ತಬೇಕು. ಆಗ ಹಬೆ ನಮ್ಮಿಂದ ದೂರಕ್ಕೆ ಹೋಗುತ್ತದೆ. ಹಬೆಯನ್ನು ಲಘುವಾಗಿ ಎಣಿಸಬೇಡಿ. ಒಂದು ಗ್ರಾಂ ಹಬೆ ನಮ್ಮ ಚರ್ಮದ ಮೇಲೆ ನೀರಾಗುವಾಗ ಸುಮಾರು 540 ಕ್ಯಾಲರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಅದಕ್ಕೇ ಕುದಿನೀರಿಗಿಂತ ಹಬೆಯ ಸುಟ್ಟಗಾಯ ಹೆಚ್ಚು.

4. ತಪ್ಪು ಪಾತ್ರೆಯಲ್ಲಿ. ಸ್ಟೀಲ್ ಡಬ್ಬಿಯಲ್ಲಿಟ್ಟರೆ ಅಲೆಗಳು ಹಿಂದಿರುಗಿ ಊಟ ತಣ್ಣಗೇ ಉಳಿಯುತ್ತದೆ. ತೆಳುವಾದ ಅಥವಾ ಚೂಪಾದ ಲೋಹವಾದರೆ ಕಿಡಿ ಹಾರುತ್ತದೆ. ಬೆಳ್ಳಿಬಣ್ಣದ ಅಲ್ಯೂಮಿನಿಯಂ ಹಾಳೆ, ಚಿನ್ನದ ಅಂಚಿನ ಪಿಂಗಾಣಿ ತಟ್ಟೆ, ಪೊಟ್ಟಣಕ್ಕೆ ಹೊಡೆದ ಸ್ಟೇಪ್ಲರ್ ಪಿನ್ನು, ಮರೆತು ಬಿಟ್ಟ ಚಮಚ - ಇವೆಲ್ಲ ಒಳಗೆ ಹೋಗಬಾರದು. ಐಸ್‌ಕ್ರೀಂ, ಮೊಸರಿನ ತೆಳು ಪ್ಲಾಸ್ಟಿಕ್ ಡಬ್ಬಿ, ಹೋಟೆಲಿನಿಂದ ಸಾಂಬಾರು ಕಟ್ಟಿಸಿಕೊಂಡು ಬಂದ ಚೀಲ, ಮೆಲಮೈನ್ ತಟ್ಟೆಗಳೂ ಬೇಡ. ಅವು ಮೆತ್ತಗಾಗಬಹುದು, ಅವುಗಳ ರಾಸಾಯನಿಕ ಊಟಕ್ಕೆ ಸೇರಬಹುದು. ಮೈಕ್ರೊವೇವ್‌ಗೆ ಯೋಗ್ಯ ಎಂದು ಗುರುತು ಇರುವ ಪಾತ್ರೆಗಳನ್ನೇ ಬಳಸಬೇಕು. ದಿನಪತ್ರಿಕೆಯಲ್ಲಿ ಸುತ್ತಿಡುವುದು, ಒದ್ದೆ ಬಟ್ಟೆ ಒಣಗಿಸುವುದು ಬೆಂಕಿಗೆ ಆಹ್ವಾನ.

5. ಹಳಸಿದ ಅನ್ನದಲ್ಲಿ. ಬಿಸಿ ಮಾಡಿದ ಮಾತ್ರಕ್ಕೆ ಹಳಸಿದ್ದು ಸರಿಯಾಗುವುದಿಲ್ಲ. ಬಹಳ ಹೊತ್ತು ಹೊರಗೆ ಇಟ್ಟ ಅನ್ನದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ವಿಷವನ್ನು ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ನಾಶವಾಗುವುದಿಲ್ಲ.

6. ಪೆಟ್ಟಿಗೆಯ ಹಿಂಬದಿಯಲ್ಲಿ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಓವನ್ನಿನ ಒಳಗೆ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತಾರೆ. ಒಳಗಿರುವ ಕೆಪ್ಯಾಸಿಟರ್ ಎಂಬ ಭಾಗವು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಅದನ್ನು ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಕೆಟ್ಟುಹೋದ ಓವನ್ ಗುಜರಿಗೆ ಬಂದಿದ್ದರೂ ಅದರ ಹೊರಕವಚವನ್ನು ನೀವು ಬಿಚ್ಚಬಾರದು. ಮೂರು ಪಿನ್ನಿನ ಪ್ಲಗ್, ಸರಿಯಾದ ಭೂಸಂಪರ್ಕ ಇರಲೇಬೇಕು. ಗಾಳಿಯಾಡುವ ಕಂಡಿಗಳನ್ನು ಮುಚ್ಚಬಾರದು.

7. ಖಾಲಿ ಪೆಟ್ಟಿಗೆಯಲ್ಲಿ. ಒಳಗೆ ಆಹಾರವೇ ಇಲ್ಲದಿದ್ದರೆ ಅಲೆಗಳನ್ನು ಹೀರುವವರಿಲ್ಲ. ಅವು ಮ್ಯಾಗ್ನೆಟ್ರಾನ್‌ಗೇ ಹಿಂದಿರುಗಿ ಅದನ್ನು ಕೆಡಿಸಬಹುದು. ಖಾಲಿ ಓವನ್ ನಡೆಸಬಾರದು.

ಒಂದು ವೇಳೆ ಒಳಗೆ ಬೆಂಕಿ ಕಾಣಿಸಿದರೆ? ಬಾಗಿಲು ತೆರೆಯಬೇಡಿ! ತೆರೆದರೆ ಹೊಸ ಗಾಳಿ ನುಗ್ಗಿ ಆಮ್ಲಜನಕ ಸಿಕ್ಕಿ ಬೆಂಕಿ ಹೆಚ್ಚುತ್ತದೆ. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ದೊಡ್ಡವರನ್ನು ಕೂಗಿ. ಮುಚ್ಚಿದ ಪೆಟ್ಟಿಗೆಯಲ್ಲಿ ಆಮ್ಲಜನಕ ಮುಗಿದು ಬೆಂಕಿ ತಾನೇ ಆರುತ್ತದೆ. ಆರದಿದ್ದರೆ ಮನೆಯಿಂದ ಹೊರಗೆ ಬಂದು ಸಹಾಯ ಕೇಳಬೇಕು.

ಲೆಕ್ಕ ಮಾಡಿ

ಒಂದು ಲೋಟದಲ್ಲಿ 200 ಗ್ರಾಂ ನೀರಿದೆ. ಅದರ ಉಷ್ಣತೆ 25 ಡಿಗ್ರಿ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಶಕ್ತಿ ಬೇಕು. ಓವನ್ ಒಂದು ಸೆಕೆಂಡಿಗೆ 700 ಜೂಲ್ ಶಕ್ತಿಯನ್ನು ನೀರಿಗೆ ಕೊಡುತ್ತದೆ ಎಂದಿಟ್ಟುಕೊಳ್ಳಿ.

ಕುಡಿಯುವಷ್ಟು ಬೆಚ್ಚಗೆ, ಅಂದರೆ 55 ಡಿಗ್ರಿಗೆ ತರಲು: 200 × 30 × 4.2 = 25,200 ಜೂಲ್. ಇದನ್ನು 700ರಿಂದ ಭಾಗಿಸಿದರೆ 36 ಸೆಕೆಂಡು.

ಕುದಿಯುವ 100 ಡಿಗ್ರಿಗೆ ತರಲು: 200 × 75 × 4.2 = 63,000 ಜೂಲ್. ಭಾಗಿಸಿದರೆ 90 ಸೆಕೆಂಡು.

ನೋಡಿದಿರಾ? ಬೆಚ್ಚಗಿನ ನೀರಿಗೂ ಕುದಿನೀರಿಗೂ ನಡುವೆ ಇರುವುದು ಒಂದು ನಿಮಿಷಕ್ಕಿಂತ ಕಡಿಮೆ ಸಮಯ. ಓವನ್ನಿನಲ್ಲಿ ಐವತ್ತು ಸೆಕೆಂಡು ಒತ್ತುವ ಬದಲು ಐದು ನಿಮಿಷ ಒತ್ತಿದರೆ ಏನಾಗಬಹುದೆಂದು ಯೋಚಿಸಿ. ಕಡಿಮೆ ಸಮಯ ಇಟ್ಟು, ನೋಡಿ, ಬೇಕಾದರೆ ಮತ್ತೆ ಇಡುವುದೇ ಜಾಣತನ.

ಸುಟ್ಟರೆ ಏನು ಮಾಡಬೇಕು?

ಎಷ್ಟು ಎಚ್ಚರವಾಗಿದ್ದರೂ ಒಮ್ಮೊಮ್ಮೆ ಕೈ ಸುಡಬಹುದು. ಓವನ್ ಇರಲಿ, ಸೌದೆ ಒಲೆ ಇರಲಿ, ಉಪಚಾರ ಒಂದೇ.

ಸುಟ್ಟ ಭಾಗವನ್ನು ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಒಂದೇ ಸಮನೆ ನೀರು ಸುರಿಯಿರಿ. ಚರ್ಮದ ಮೇಲ್ಭಾಗ ತಣ್ಣಗಾದರೂ ಒಳಪದರಗಳಲ್ಲಿ ಬಿಸಿ ಉಳಿದಿರುತ್ತದೆ. ಅದನ್ನು ಹೊರತೆಗೆಯಲು ಅಷ್ಟು ಹೊತ್ತು ಬೇಕು. ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಎಳೆಯಬೇಡಿ. ಟೂತ್‌ಪೇಸ್ಟ್, ತುಪ್ಪ, ಶಾಯಿ, ಅರಿಶಿನ, ಮಂಜುಗಡ್ಡೆ ಯಾವುದನ್ನೂ ಹಚ್ಚಬೇಡಿ. ಬೊಕ್ಕೆಯನ್ನು ಒಡೆಯಬೇಡಿ. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೋಗಿ. ಮುಖ ಸುಟ್ಟಿದ್ದರೆ, ಗಾಯ ದೊಡ್ಡದಿದ್ದರೆ ಅಥವಾ ಸುಟ್ಟಿರುವುದು ಚಿಕ್ಕ ಮಗುವಿಗಾದರೆ 108ಕ್ಕೆ ಕರೆ ಮಾಡಿ.

ನೆನಪಿಡಿ

ದೊಡ್ಡವರು ಜೊತೆಯಲ್ಲಿ ಇಲ್ಲದಾಗ ಓವನ್ ಬಳಸಬೇಡಿ. ನಿಮ್ಮ ಮುಖಕ್ಕಿಂತ ಎತ್ತರದಲ್ಲಿರುವ ಓವನ್ನಿನಿಂದ ಬಿಸಿ ಪಾತ್ರೆಯನ್ನು ಎಂದೂ ನೀವಾಗಿ ಇಳಿಸಬೇಡಿ. ದಪ್ಪ ಬಟ್ಟೆ ಹಿಡಿದು, ಎರಡೂ ಕೈಗಳಿಂದ ದೊಡ್ಡವರೇ ಇಳಿಸಲಿ.

ನಮ್ಮ ಅಜ್ಜಿಯರಿಗೆ ಒಲೆಯ ಗುಣ ಚೆನ್ನಾಗಿ ಗೊತ್ತಿತ್ತು. ಉರಿ ನೋಡಿ, ಸದ್ದು ಕೇಳಿ, ವಾಸನೆ ಹಿಡಿದು ಅವರು ಎಚ್ಚರವಾಗಿರುತ್ತಿದ್ದರು. ಹೊಸ ಒಲೆಗೆ ಉರಿಯಿಲ್ಲ. ಅದು ಕಣ್ಣಿಗೆ, ಕಿವಿಗೆ ಏನನ್ನೂ ಮೊದಲೇ ಹೇಳುವುದಿಲ್ಲ. ಹಾಗಾಗಿ ಇಲ್ಲಿ ಕಣ್ಣು ಮಾಡುತ್ತಿದ್ದ ಕೆಲಸವನ್ನು ತಿಳಿವಳಿಕೆ ಮಾಡಬೇಕು. ಬಿಸಿ ಎಲ್ಲಿ ಅಡಗಿದೆ ಎಂದು ಬಲ್ಲವರಿಗೆ ಈ ಪೆಟ್ಟಿಗೆಯೂ ಒಂದು ಒಳ್ಳೆಯ ಒಲೆಯೇ.

ಯೋಚಿಸಿ, ಉತ್ತರಿಸಿ

1. ಬಾಗಿಲಿನ ಜಾಲರಿಯಲ್ಲಿ ಬೆಳಕು ಹೊರಬರುತ್ತದೆ, ಮೈಕ್ರೊವೇವ್ ಬರುವುದಿಲ್ಲ. ಏಕೆ?

2. ಸಿಹಿಕಡುಬನ್ನು ಓವನ್ನಿನಲ್ಲಿ ಬಿಸಿ ಮಾಡಿದಾಗ ಹೊರಗಿನ ಕಣಕಕ್ಕಿಂತ ಒಳಗಿನ ಹೂರಣ ಹೆಚ್ಚು ಸುಡುತ್ತದೆ. ಕಾರಣವೇನಿರಬಹುದು? (ಸುಳಿವು: ಎರಡರಲ್ಲಿ ನೀರು, ಸಕ್ಕರೆ ಅಥವಾ ಬೆಲ್ಲ ಯಾವುದರಲ್ಲಿ ಹೆಚ್ಚು?)

3. ಓವನ್ನಿನಲ್ಲಿ ಕಾಯಿಸಿದ ನೀರು ಕುದಿಯುತ್ತಿಲ್ಲ, ಆದ್ದರಿಂದ ಅದು ಹೆಚ್ಚು ಬಿಸಿಯಿಲ್ಲ ಎಂದು ನಿಮ್ಮ ಗೆಳತಿ ಹೇಳುತ್ತಾಳೆ. ಅವಳಿಗೆ ಏನು ಹೇಳುತ್ತೀರಿ?

4. ನಿಮ್ಮ ಮನೆಯ ಒಲೆ ಅಥವಾ ಕುಕ್ಕರ್ ಕೊಡುವ ಎಚ್ಚರಿಕೆಯ ಸೂಚನೆಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ಓವನ್ನಿನಲ್ಲಿ ಇಲ್ಲದವು ಯಾವುವು?

5. ಈ ಪಾಠದಲ್ಲಿರುವ ಎಚ್ಚರಿಕೆಗಳಲ್ಲಿ ಐದನ್ನು ಆರಿಸಿ, ದೊಡ್ಡ ಅಕ್ಷರಗಳಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ. ಮನೆಯಲ್ಲಿ ಯಾರಿಗೆ ಅದು ಉಪಯೋಗವಾಗುವುದೋ ಅವರಿಗೆ ಓದಿ ಹೇಳಿ, ಹಾಳೆಯನ್ನು ಕೊಡಿ.